ಗುಂಡಿನ ಸದ್ದಿಲ್ಲದ ಊರಲ್ಲಿ ಯಾರ ಆಳ್ವಿಕೆ? ಸಶಸ್ತ್ರ ಗುಂಪುಗಳ ಬಗ್ಗೆ ರಿಸರ್ಚ್ ಮಾಡೋರಿಗೆ ಒಂದು ಮಾರ್ಗದರ್ಶಿ

ರಾಜಕೀಯ ಹಿಂಸೆ ಬಗ್ಗೆ ರಿಸರ್ಚ್ ಮಾಡ್ತೀನಿ ಅಂತ ಬರೋರು ಮೊದಲು ಕೇಳೋದೇ ಎಲ್ಲಿ ಜಾಸ್ತಿ ಜನ ಸತ್ತಿದಾರೆ, ಅದರ ಡೇಟಾ ಎಲ್ಲಿ ಸಿಗತ್ತೆ ಅಂತ. ನಾನು ಶುರು ಮಾಡಿದ್ದೂ ಹಂಗೇನೇ, ಮೂರು ವರ್ಷ ನ್ಯೂಸ್ ರಿಪೋರ್ಟ್ ಓದಿ ಓದಿ ಒಂದೊಂದು ದಾಳಿನೂ ಸ್ಪ್ರೆಡ್‌ಶೀಟಲ್ಲಿ ಒಂದೊಂದು ಸಾಲು ಮಾಡೋ ಕೆಲಸ, ತಾರೀಖು, ಜಾಗ, ಯಾರು ಯಾರಿಗೆ ಹೊಡೆದ್ರು, ಎಷ್ಟು ಸಾವು. ಆಮೇಲೆ ಅಂಥ ಕಡೆಯಿಂದ ಊರು ಬಿಟ್ಟು ಬಂದ ಜನರ ಜೊತೆ ಕೂತು ಮಾತಾಡೋ ಕೆಲಸ ಸಿಕ್ತು. ಒಂದಿನ ವಯಸ್ಸಾದ ಹೆಂಗಸೊಬ್ರು ತಮ್ಮ ಊರಿನ ಹೆಸರು ಹೇಳಿದಾಗ ತಕ್ಷಣ ನೆನಪಾಯ್ತು, ಆ ಊರಿಗೆ ನಮ್ಮ ಶೀಟಲ್ಲಿ ಐದು ವರ್ಷಕ್ಕೆ ಒಂದೂ ಸಾಲಿಲ್ಲ, ಶಾಂತವಾಗಿರೋ ಏರಿಯಾ ಅಂತ ಮ್ಯಾಪಲ್ಲಿ ಬಿಳಿ ಬಿಟ್ಟಿದ್ವಿ. ಅವರು ಹೇಳ್ತಾ ಹೋದ್ರು, ಮಗಳ ಮದುವೆ ಗೊತ್ತು ಮಾಡೋಕೆ ಗುಂಪಿನವರ ಒಪ್ಪಿಗೆ, ಊರಾಚೆ ಹೋಗೋಕೆ ಚೀಟಿ, ಅಣ್ಣತಮ್ಮಂದಿರ ಜಮೀನು ಜಗಳ ಅವರ ಮುಂದೇನೇ ತೀರ್ಮಾನ, ಬೆಳೆ ಬಂದಾಗ ಪಾಲು. ಐದು ವರ್ಷ ಅಲ್ಲಿ ಗುಂಡು ಹಾರಿಲ್ಲ, ಯಾಕಂದ್ರೆ ಎದುರಾಡೋರು ಒಬ್ರೂ ಉಳಿದಿರ್ಲಿಲ್ಲ.

ಅವತ್ತಿಂದ ನಾನು ಕೆಲಸ ಮಾಡೋ ರೀತಿನೇ ಬದಲಾಯ್ತು, ಹೊಸಬರಿಗೆ ಹೇಳೋದೂ ಅದನ್ನೇ, ಮ್ಯಾಪಲ್ಲಿ ಕೆಂಪು ಚುಕ್ಕೆ ನೋಡಿ ಆಮೇಲೆ ಖಾಲಿ ಬಿಟ್ಟಿರೋ ಜಾಗಾನ ಎರಡರಷ್ಟು ಹೊತ್ತು ನೋಡಿ. ಹಂತ ಹಂತವಾಗಿ ಹೆಂಗೆ ಅಂತ ಬರೀತೀನಿ.

ಮೊದಲು ಪ್ರಶ್ನೆ ಚಿಕ್ಕದು ಮಾಡ್ಕೊಳಿ

"ಬಂಡುಕೋರರು ಹೆಂಗೆ ಆಳ್ತಾರೆ" ಅನ್ನೋ ಪ್ರಶ್ನೆ ಇಟ್ಕೊಂಡ್ರೆ ಹತ್ತು ವರ್ಷ ಆದ್ರೂ ಮುಗಿಯಲ್ಲ. ಆಳ್ವಿಕೆ ಅಂದ್ರೆ ಬಹಳ ತುಂಡುಗಳಿವೆ, ತೆರಿಗೆ, ನ್ಯಾಯ ತೀರ್ಮಾನ, ಸ್ಕೂಲು, ಆಸ್ಪತ್ರೆ, ಓಡಾಟಕ್ಕೆ ಪಾಸು, ಜಮೀನು ಹಂಚಿಕೆ, ಯಾರು ಏನು ಉಡಬೇಕು ಅನ್ನೋ ನಿಯಮ. ಇದರಲ್ಲಿ ಒಂದು ತುಂಡು, ಒಂದು ಪ್ರದೇಶ, ಒಂದು ಕಾಲ ಆರಿಸ್ಕೊಳಿ. ಉದಾಹರಣೆಗೆ ಜಮೀನು ವ್ಯಾಜ್ಯ ಇದ್ದೋರು ಸರ್ಕಾರಿ ಕೋರ್ಟ್ ಬಿಟ್ಟು ಗುಂಪಿನ ಕೋರ್ಟಿಗೆ ಯಾವಾಗ ಹೋಗ್ತಾರೆ, ಯಾಕೆ ಹೋಗ್ತಾರೆ ಅಂತ ಕೇಳಿದ್ರೆ ಅದಕ್ಕೆ ಉತ್ತರ ಹುಡುಕಬಹುದು, ಯಾರನ್ನ ಕೇಳ್ಬೇಕು ಯಾವ ಕಾಗದ ನೋಡ್ಬೇಕು ಅನ್ನೋದೂ ತಾನೇ ಗೊತ್ತಾಗತ್ತೆ.

ಇಲ್ಲೇ ಪದಗಳನ್ನೂ ತೀರ್ಮಾನ ಮಾಡ್ಕೊಳಿ. ಟೆರರಿಸ್ಟ್, ಬಂಡುಕೋರ, ಮಿಲಿಷಿಯಾ, ಗ್ಯಾಂಗ್, ಒಂದೊಂದು ಹೆಸರಲ್ಲೂ ಒಂದೊಂದು ತೀರ್ಪು ಮೊದಲೇ ಕೂತಿರತ್ತೆ. ಒಂದೇ ಗುಂಪನ್ನ ಒಂದು ದೇಶ ಉಗ್ರರ ಪಟ್ಟಿಗೆ ಹಾಕಿರತ್ತೆ, ಪಕ್ಕದ ದೇಶ ಅದರ ಜೊತೆ ಮಾತುಕತೆಗೆ ಕೂತಿರತ್ತೆ. ನೋಟ್ಸಲ್ಲಿ ಗುಂಪಿನ ಸ್ವಂತ ಹೆಸರನ್ನೇ ಬರೀರಿ, ಅಥವಾ ಸಶಸ್ತ್ರ ಗುಂಪು ಅಂತ ಸಪ್ಪೆಯಾಗಿ ಬರೀರಿ. ಅದರಿಂದ ಅವರು ಮಾಡಿದ ಕೊಲೆ ಚಿಕ್ಕದಾಗಲ್ಲ, ಕೊಲೆನ ಕೊಲೆ ಅಂತಾನೇ ಬರೀಬೇಕು. ಸರ್ಕಾರದ ಪರವಾಗಿ ಬಂದೂಕು ಹಿಡಿದಿರೋ ಗುಂಪುಗಳನ್ನೂ ಮರೀಬೇಡಿ, ಅವೂ ವಸೂಲಿ ಮಾಡ್ತಾವೆ, ಅವೂ ಪಂಚಾಯ್ತಿ ಮಾಡ್ತಾವೆ.

ಹಿಂಸೆ ಕಮ್ಮಿ ಅಂದ್ರೆ ಶಾಂತಿ ಅಂತ ಓದ್ಕೋಬೇಡಿ

ಈ ಫೀಲ್ಡಿಗೆ ಬರೋರು ತಲೆಯಲ್ಲಿ ಇಟ್ಕೋಬೇಕಾದ ಒಂದೇ ಒಂದು ಥಿಯರಿ ಹೇಳು ಅಂದ್ರೆ ನಾನು ಸ್ಟಾಥಿಸ್ ಕಲಿವಾಸ್ ಅನ್ನೋ ವಿದ್ವಾಂಸರು 2006ರಲ್ಲಿ ಬರೆದ ವಾದ ಹೇಳ್ತೀನಿ. 1940ರ ದಶಕದ ಗ್ರೀಸ್ ಅಂತರ್ಯುದ್ಧದ ಒಂದು ಪ್ರದೇಶವನ್ನ ಅವರು ಹಳ್ಳಿ ಹಳ್ಳಿಯಾಗಿ ನೋಡಿದ್ರು. ವಾದ ಏನಂದ್ರೆ, ಒಂದು ಕಡೆಯವರ ಹಿಡಿತ ಪೂರ್ತಿ ಇದ್ದಲ್ಲಿ ಆರಿಸಿ ಆರಿಸಿ ಕೊಲ್ಲೋದು ಕಮ್ಮಿ, ಅದರ ಅಗತ್ಯಾನೇ ಬೀಳಲ್ಲ. ಎರಡೂ ಕಡೆಯವರ ಹಿಡಿತ ಸರಿಸಮ ಇದ್ದಲ್ಲೂ ಕಮ್ಮಿ, ಯಾಕಂದ್ರೆ ಯಾರ ಬಗ್ಗೆ ಯಾರೂ ಚಾಡಿ ಹೇಳೋ ಧೈರ್ಯ ಮಾಡಲ್ಲ, ಇವತ್ತು ಹೇಳಿದ್ರೆ ನಾಳೆ ಇನ್ನೊಂದು ಕಡೆಯವರು ಬಂದು ಕೇಳ್ತಾರೆ. ಕೊಲೆ ಹೆಚ್ಚೋದು ಒಂದು ಕಡೆಯ ಕೈ ಮೇಲಾಗಿದೆ ಆದ್ರೆ ಪೂರ್ತಿ ಆಗಿಲ್ಲ ಅನ್ನೋ ಜಾಗದಲ್ಲಿ, ಅಲ್ಲಿ ಚಾಡಿ ಹೇಳೋರೂ ಇರ್ತಾರೆ, ಕೊಲ್ಲೋ ಕಾರಣಾನೂ ಇರತ್ತೆ. ಇದು ಎಲ್ಲಾ ಯುದ್ಧಕ್ಕೂ ಹಂಗೇ ಒಪ್ಪತ್ತೆ ಅಂತಲ್ಲ, ಜನಾಂಗದ ಹೆಸರಲ್ಲಿ ನಡೆಯೋ ಕೊಲೆಗಳಲ್ಲಿ ಕತೆ ಬೇರೆ. ಆದ್ರೆ ಸಾವಿನ ಸಂಖ್ಯೆ ನೋಡಿ ಹಿಡಿತ ಅಳೆಯೋ ತಪ್ಪಿಂದ ಇದು ನಿಮ್ಮನ್ನ ಕಾಪಾಡತ್ತೆ.

ಇನ್ನೊಂದು ತಪ್ಪು ಮ್ಯಾಪಿಗೆ ಎರಡೇ ಬಣ್ಣ ಹಚ್ಚೋದು, ಇದು ಸರ್ಕಾರದ್ದು ಇದು ಗುಂಪಿನದು ಅಂತ. ಶ್ರೀಲಂಕಾದ ವನ್ನಿ ಪ್ರದೇಶ ನೋಡಿ. ಎಲ್‌ಟಿಟಿಇಗೆ ಅಲ್ಲಿ ಸ್ವಂತ ಪೊಲೀಸ್ ಇತ್ತು, ಕೋರ್ಟ್ ಇತ್ತು, ಬ್ಯಾಂಕ್ ಇತ್ತು, ಕಿಳಿನೊಚ್ಚಿ ರಾಜಧಾನಿ ಥರ ಇತ್ತು, ಎ9 ರಸ್ತೆಯಲ್ಲಿ ಹೋಗೋ ಗಾಡಿಗಳ ಹತ್ರ ತೆರಿಗೆ ತಗೋತಿದ್ರು. ಅದೇ ಊರುಗಳ ಸ್ಕೂಲ್ ಮೇಷ್ಟ್ರಿಗೆ, ಆಸ್ಪತ್ರೆ ಡಾಕ್ಟರಿಗೆ ಸಂಬಳ ಬರ್ತಿದ್ದಿದ್ದು ಕೊಲಂಬೊ ಸರ್ಕಾರದಿಂದ. ಯುದ್ಧ ಮಾಡ್ತಿರೋ ಸರ್ಕಾರಾನೇ ಶತ್ರು ಪ್ರದೇಶದ ಮೇಷ್ಟ್ರಿಗೆ ಸಂಬಳ ಕೊಡೋದು ಯಾಕೆ ಅಂತ ಕೇಳ್ಕೊಂಡ್ರೆ ಒಳ್ಳೆ ರಿಸರ್ಚ್ ಪ್ರಶ್ನೆ ಅಲ್ಲೇ ಸಿಗತ್ತೆ, ಕೊಡೋದು ನಿಲ್ಲಿಸಿದ್ರೆ ಇವರು ನಮ್ಮ ಪ್ರಜೆಗಳಲ್ಲ ಅಂತ ತಾನೇ ಒಪ್ಪಿಕೊಂಡ ಹಾಗಾಗತ್ತಲ್ಲ. ಅಫ್ಘಾನಿಸ್ತಾನದಲ್ಲೂ 2021ಕ್ಕೆ ಮುಂಚೆ ತಾಲಿಬಾನ್ ಹಿಡಿತದಲ್ಲಿದ್ದ ಎಷ್ಟೋ ಕಡೆ ಸ್ಕೂಲಿಗೆ ದುಡ್ಡು ಕಾಬೂಲಿಂದು, ಮೇಷ್ಟ್ರು ದಿನಾ ಬರ್ತಾರಾ ಇಲ್ವಾ ಅಂತ ನೋಡೋರು ತಾಲಿಬಾನ್‌ನವರು.

ಹಾಗಾಗಿ ಒಂದು ಟೇಬಲ್ ಮಾಡ್ಕೊಳಿ, ಒಂದು ಕಡೆ ಸೇವೆಗಳ ಹೆಸರು, ಎದುರಿಗೆ ನಾಲ್ಕು ಕಾಲಂ, ದುಡ್ಡು ಯಾರದ್ದು, ಕೆಲಸ ಮಾಡೋರು ಯಾರು, ನಿಯಮ ಯಾರದ್ದು, ತಪ್ಪಿದ್ರೆ ಶಿಕ್ಷೆ ಯಾರದ್ದು. ಈ ನಾಲ್ಕೂ ಒಂದೇ ಕೈಯಲ್ಲಿ ಇರೋದು ನಂಗೆ ಬಹಳ ಅಪರೂಪಕ್ಕೆ ಸಿಕ್ಕಿದೆ.

ಡೇಟಾಸೆಟ್ ತಗೊಳೋ ಮುಂಚೆ ಅದರ ಕೋಡ್‌ಬುಕ್ ಓದಿ

ಸ್ವೀಡನ್ನಿನ ಉಪ್ಸಲಾ ಯೂನಿವರ್ಸಿಟಿಯ ಯುಸಿಡಿಪಿ ಅನ್ನೋ ಸಂಘರ್ಷಗಳ ಡೇಟಾ, ಆಮೇಲೆ ಎಲ್ಲರೂ ಅಕ್ಲೆಡ್ ಅಂತ ಕರೆಯೋ ಘಟನೆಗಳ ಡೇಟಾ, ಅಮೆರಿಕದ ಮೇರಿಲ್ಯಾಂಡ್ ಯೂನಿವರ್ಸಿಟಿಯಲ್ಲಿ ಶುರುವಾದ ಗ್ಲೋಬಲ್ ಟೆರರಿಸಂ ಡೇಟಾಬೇಸ್, ಮುಖ್ಯವಾಗಿ ಈ ಮೂರು ಎಲ್ಲರ ಕೈಗೂ ಬರೋದು. ಮೂರೂ ಮೂರು ಬೇರೆ ವಸ್ತು ಎಣಿಸ್ತಾವೆ, ಏನನ್ನ ಹೆಂಗೆ ಎಣಿಸ್ತಾವೆ ಅಂತ ಹೇಳೋ ಪುಸ್ತಕಾನೇ ಕೋಡ್‌ಬುಕ್. ಯುಸಿಡಿಪಿ ಪ್ರಕಾರ ಸಂಘರ್ಷ ಅಂತ ಅನ್ನಿಸ್ಕೋಬೇಕಾದ್ರೆ ಒಂದು ಕ್ಯಾಲೆಂಡರ್ ವರ್ಷದಲ್ಲಿ ಕನಿಷ್ಠ 25 ಸಾವು ಹೋರಾಟದಲ್ಲಿ ಆಗಿರ್ಬೇಕು, ಅದರ ಘಟನೆಗಳ ಡೇಟಾ 1989ರಿಂದ ಶುರು, ಒಂದು ಘಟನೆ ಅದರಲ್ಲಿ ಸೇರಬೇಕಾದ್ರೆ ಕನಿಷ್ಠ ಒಂದು ಸಾವು ಬೇಕು. ಅಂದ್ರೆ ಊರಿನ ಹಿರಿಯರನ್ನ ಎತ್ತಾಕ್ಕೊಂಡು ಹೋಗಿ ಎರಡು ದಿನ ಹೊಡೆದು ಬಿಟ್ಟು ಕಳ್ಸಿದ್ರೆ ಅಲ್ಲಿ ಕಾಣಲ್ಲ. ಅಕ್ಲೆಡ್‌ನಲ್ಲಿ ಸಾವಿಲ್ಲದ ಘಟನೆನೂ ಸೇರತ್ತೆ, ಪ್ರತಿಭಟನೆನೂ ಸೇರತ್ತೆ, ಆಫ್ರಿಕಾದ ಡೇಟಾ 1997ರಿಂದ ಇದೆ, ಬೇರೆ ಖಂಡಗಳದ್ದು ಎಷ್ಟೋ ವರ್ಷ ಆದ್ಮೇಲೆ ಶುರುವಾಗಿದ್ದು. ಇದನ್ನ ನೋಡ್ದೆ ಗ್ರಾಫ್ ಹಾಕಿದ್ರೆ ಆ ವರ್ಷ ಆ ದೇಶದಲ್ಲಿ ಇದ್ದಕ್ಕಿದ್ದಂತೆ ಹಿಂಸೆ ಹೆಚ್ಚಿತು ಅಂತ ಕಾಣತ್ತೆ, ಹೆಚ್ಚಿರೋದು ಎಣಿಸೋದು. ಮೂರನೇದು 1970ರಿಂದ ಇದೆ, ಆದ್ರೆ 1993ರ ಮೂಲ ದಾಖಲೆಗಳು ಕಳೆದುಹೋಗಿರೋದ್ರಿಂದ ಆ ವರ್ಷ ಅದರಲ್ಲಿ ಇಲ್ಲ, ಗೊತ್ತಿಲ್ದೇ ಇದ್ರೆ 1993ರಲ್ಲಿ ಜಗತ್ತೇ ತಣ್ಣಗಿತ್ತು ಅನ್ಕೋತೀರ.

ಎಣಿಕೆಯೊಳಗೂ ಬಹಳ ಮಣ್ಣಿದೆ. ನಾನೇ ಒಂದು ಸಲ ಒಂದೇ ದಾಳಿನ ಮೂರು ಸಲ ಹಾಕಿದ್ದೆ, ಊರಿನ ಹೆಸರಿನ ಸ್ಪೆಲಿಂಗ್ ಮೂರು ಪೇಪರಲ್ಲಿ ಮೂರು ಥರ ಇತ್ತು, ಒಂದು ಪೇಪರು ದಾಳಿ ಆದ ದಿನ ಕೊಟ್ಟಿತ್ತು, ಇನ್ನೊಂದು ಹೆಣ ಸಿಕ್ಕ ದಿನ ಕೊಟ್ಟಿತ್ತು. ಅದಕ್ಕೇ ಎಲ್ಲಾ ಸಾಲಿನಲ್ಲೂ ಜಾಗದ ನಿಖರತೆ, ದಿನದ ನಿಖರತೆ ಅಂತ ಬೇರೆ ಕಾಲಂ ಇರ್ತವೆ, ಸಾವಿಗೂ ಕಮ್ಮಿ ಅಂದಾಜು, ಒಪ್ಪುವ ಅಂದಾಜು, ಹೆಚ್ಚಿನ ಅಂದಾಜು ಅಂತ ಯುಸಿಡಿಪಿ ಮೂರು ಕೊಡತ್ತೆ. ಜನ ಮಧ್ಯದ ಒಂದನ್ನ ಎತ್ಕೊಂಡು ಉಳಿದದ್ದು ಬಿಟ್ಟುಬಿಡ್ತಾರೆ, ಹಂಗೆ ಮಾಡ್ಬೇಡಿ. ಜಿಲ್ಲೆ ಕೇಂದ್ರದಲ್ಲಿ ನೂರಾರು ಚುಕ್ಕೆ ಒಂದರ ಮೇಲೊಂದು ಕೂತಿದ್ರೆ ಅದು ಸರಿಯಾದ ಜಾಗ ಗೊತ್ತಿಲ್ದೇ ಇರೋ ಘಟನೆಗಳನ್ನ ಅಲ್ಲಿ ತಂದು ಇಟ್ಟಿರೋದು, ಅಲ್ಲೇ ನಡೆದಿದ್ದು ಅಂತಲ್ಲ.

ಲೆಕ್ಕಕ್ಕೆ ಸಿಗದ ಸಾವು ಎಷ್ಟಿರಬಹುದು ಅನ್ನೋಕೆ ಪೆರು ನೆನಪಿಟ್ಕೊಳಿ. 1980ರಿಂದ 2000ದ ತನಕ ಅಲ್ಲಿ ಸರ್ಕಾರ ಮತ್ತೆ ಬಂಡುಕೋರರ ನಡುವೆ ನಡೆದ ಹಿಂಸೆ ಬಗ್ಗೆ ತನಿಖೆಗೆ ಅಂತ ಮಾಡಿದ ಸತ್ಯ ಆಯೋಗ 2003ರಲ್ಲಿ ವರದಿ ಕೊಡೋ ಮುಂಚೆ ಸುಮಾರು 25 ಸಾವಿರ ಜನ ಸತ್ತಿರಬಹುದು ಅಂತ ಎಲ್ಲರೂ ಹೇಳ್ತಿದ್ರು. ಆಯೋಗದ ಅಂದಾಜು 69,280. ಬೇರೆ ಬೇರೆಯವರು ಮಾಡಿದ ಪಟ್ಟಿಗಳನ್ನ ಒಂದರ ಜೊತೆ ಒಂದು ಹೋಲಿಸಿ, ಎಷ್ಟು ಹೆಸರು ಎರಡರಲ್ಲೂ ಬಂದಿದೆ ಎಷ್ಟು ಒಂದರಲ್ಲೇ ಬಂದಿದೆ ಅಂತ ನೋಡಿ, ಯಾವ ಪಟ್ಟಿಗೂ ಬರದೇ ಹೋದೋರು ಎಷ್ಟು ಅಂತ ಲೆಕ್ಕ ಹಾಕಿದ್ದು. ಸತ್ತವರಲ್ಲಿ ನಾಲ್ಕರಲ್ಲಿ ಮೂರು ಪಾಲು ಕೆಚುವಾ ಮುಂತಾದ ಮೂಲನಿವಾಸಿ ಭಾಷೆ ಆಡೋ ಜನ, ಬಹಳಷ್ಟು ಅಯಾಕುಚೊ ಕಡೆಯ ಬಡ ರೈತರು. ರಾಜಧಾನಿಯ ಪೇಪರಿಗೆ ಅವರ ಸಾವು ಸುದ್ದಿನೇ ಆಗಿರ್ಲಿಲ್ಲ. ನ್ಯೂಸ್ ರಿಪೋರ್ಟ್ ಮೇಲೆ ನಿಂತಿರೋ ಯಾವ ಡೇಟಾಸೆಟ್ ತೆಗೆದ್ರೂ ಈ ಮಾತು ನನ್ನ ಕಿವೀಲಿ ಇದ್ದೇ ಇರತ್ತೆ.

ಈಗ ಕಾಗದ ಹುಡುಕಿ

ಆಳ್ವಿಕೆ ಕಾಣೋದು ಸಣ್ಣ ಸಣ್ಣ ಕಾಗದದಲ್ಲಿ. ತೆರಿಗೆ ರಶೀದಿ, ಓಡಾಟದ ಪಾಸು, ಸಮನ್ಸ್, ಕೋರ್ಟ್ ತೀರ್ಪಿನ ಪ್ರತಿ, ಗೋಡೆಗೆ ಅಂಟಿಸಿದ ನೋಟಿಸು, ಸಂಬಳದ ಪಟ್ಟಿ. ಇವು ಎಲ್ಲಿ ಸಿಗ್ತಾವೆ ಅಂದ್ರೆ, ವಿಶ್ವಸಂಸ್ಥೆಯ ನಿರ್ಬಂಧ ಸಮಿತಿಗಳ ಕೆಳಗೆ ಕೆಲಸ ಮಾಡೋ ತಜ್ಞರ ತಂಡಗಳು ಸೊಮಾಲಿಯಾ, ಕಾಂಗೊ, ಯೆಮನ್ ಮುಂತಾದ ಕಡೆಯ ಬಗ್ಗೆ ವರದಿ ಕೊಡ್ತಾವೆ, ಎಲ್ಲಾ ಆನ್‌ಲೈನಲ್ಲಿ ಫ್ರೀ ಇದೆ. ಶುರುವಿನ ಸಾರಾಂಶ ಓದಿ ಮುಚ್ಚಿ ಇಡಬೇಡಿ, ಕೊನೆಯಲ್ಲಿರೋ ಅನುಬಂಧಗಳನ್ನ ಓದಿ, ಫೋಟೊ, ರಶೀದಿ, ಪತ್ರಗಳೆಲ್ಲ ಅಲ್ಲಿರೋದು.

ಒಂದು ರಶೀದಿ ಕೈಗೆ ಬಂತು ಅನ್ಕೊಳಿ, ಹೆಂಗೆ ಓದ್ತೀರ? ನಂಬರ್ ಇದೆಯಾ, ಇದ್ರೆ ಕ್ರಮವಾಗಿ ಹೋಗ್ತಿದೆಯಾ, ಅಂದ್ರೆ ಯಾರೋ ಮೇಲೆ ಕೂತು ಲೆಕ್ಕ ನೋಡ್ತಿದಾರೆ ಅಂತ. ಪ್ರಿಂಟ್ ಆಗಿದೆಯಾ, ಕೈಲಿ ಬರೆದಿದ್ದಾ. ಯಾವ ಭಾಷೆ, ಯಾವ ಕ್ಯಾಲೆಂಡರ್. ಯಾವ ಕರೆನ್ಸಿ, ಇದು ಬಹಳ ಮುಖ್ಯ, ಸರ್ಕಾರದ ಮೇಲೆ ಯುದ್ಧ ಸಾರಿದ ಗುಂಪೂ ಸಾಮಾನ್ಯವಾಗಿ ಅದೇ ಸರ್ಕಾರದ ನೋಟಲ್ಲೋ ಡಾಲರಲ್ಲೋ ವಸೂಲಿ ಮಾಡ್ತಿರತ್ತೆ. ದುಡ್ಡಿಗೆ ಏನು ಹೆಸರು ಕೊಟ್ಟಿದಾರೆ, ತೆರಿಗೆ ಅಂತಾನಾ, ಧಾರ್ಮಿಕ ಕಾಣಿಕೆ ಅಂತಾನಾ, ದೇಣಿಗೆ ಅಂತಾನಾ. ಸೀಲು ಯಾವ ಇಲಾಖೆದು. ಮಡಿಚಿದ ಗುರುತು ನೋಡಿ, ನಾಲ್ಕು ಮಡಿಕೆ ಸವೆದು ಹೋಗಿದ್ರೆ ಅದು ಡ್ರೈವರ್ ಜೇಬಲ್ಲಿ ಓಡಾಡಿದ ಕಾಗದ, ಮುಂದಿನ ಚೆಕ್‌ಪೋಸ್ಟಲ್ಲೂ ಅದಕ್ಕೆ ಬೆಲೆ ಇದೆ ಅಂತ ಅರ್ಥ. ಸೊಮಾಲಿಯಾದಲ್ಲಿ ಅಲ್ ಶಬಾಬ್ ಕೊಡೋ ರಶೀದಿ ಹಂಗೇನೇ ಕೆಲಸ ಮಾಡತ್ತೆ, ಲಾರಿಯವನು ಒಂದು ಕಡೆ ಕಟ್ಟಿ ರಶೀದಿ ತೋರಿಸಿದ್ರೆ ಅವರ ಮುಂದಿನ ಚೆಕ್‌ಪೋಸ್ಟಲ್ಲಿ ಮತ್ತೆ ಕಟ್ಟಂಗಿಲ್ಲ, ಸರ್ಕಾರದ ಕಡೆಯ ರಸ್ತೆಯಲ್ಲಿ ಸಿಕ್ಕ ಸಿಕ್ಕ ಚೆಕ್‌ಪೋಸ್ಟಲ್ಲೆಲ್ಲ ಕೈ ಬಿಸಿ ಮಾಡ್ಬೇಕು. ಈ ಗುಂಪು 2011ರಲ್ಲೇ ರಾಜಧಾನಿ ಮೊಗದಿಶು ಬಿಟ್ಟು ಹೋಗಿದ್ರೂ ಸಿಟಿಯ ವ್ಯಾಪಾರಿಗಳಿಂದ ವಸೂಲಿ ನಿಂತಿಲ್ಲ, ವ್ಯಾಜ್ಯ ಇದ್ದೋರು ಸಿಟಿಯಿಂದ ಅವರ ಕೋರ್ಟಿಗೆ ಹೋಗ್ತಾರೆ. ಇದನ್ನ ಓದಿ ಓಹೋ ಜನರಿಗೆ ಅವರೇ ಇಷ್ಟ ಅಂತ ಬರೆದ್ರೆ ತಪ್ಪಾಗತ್ತೆ, ಅದೇ ಗುಂಪು ಕಟ್ಟದೇ ಇದ್ದೋರನ್ನ ಕೊಂದಿದೆ, ಮಾರ್ಕೆಟಲ್ಲಿ ಬಾಂಬ್ ಇಟ್ಟಿದೆ. ಅತ್ತ ದರಿ ಇತ್ತ ಪುಲಿ ಅನ್ನೋ ಪರಿಸ್ಥಿತಿಲಿ ಇರೋರು ಯಾವ ಕಡೆ ಖರ್ಚು ಕಮ್ಮಿನೋ ಆ ಕಡೆ ಹೋಗ್ತಾರೆ. ಭಯ ಮತ್ತೆ ಅನುಕೂಲ ಎರಡೂ ಒಂದೇ ರಶೀದಿಲಿ ಇರತ್ತೆ, ಒಂದನ್ನ ಬಿಟ್ಟು ಇನ್ನೊಂದನ್ನ ಮಾತ್ರ ಬರೆಯೋ ಹಾಗಿಲ್ಲ.

ದಂಡಕಾರಣ್ಯದಲ್ಲಿ ಬೀಡಿ ಕಟ್ಟೋ ತೆಂಡು ಎಲೆ ಕತೆನೂ ಇದೇ. 1980ರ ದಶಕದಿಂದ ನಕ್ಸಲ್ ಗುಂಪು ಕಂಟ್ರಾಕ್ಟರ್‌ಗಳ ಜೊತೆ ಜಗ್ಗಾಡಿ ಎಲೆ ಕೀಳೋ ಆದಿವಾಸಿಗಳಿಗೆ ರೇಟ್ ಜಾಸ್ತಿ ಕೊಡಿಸ್ತು, ಅದೇ ಕಂಟ್ರಾಕ್ಟರ್ ಹತ್ರ ತನಗೂ ವಸೂಲಿ ಮಾಡ್ತು.

ಗುಂಪು ತಾನೇ ಬರೆದ ನಿಯಮ ಪುಸ್ತಕ ಸಿಕ್ರೆ ಅದನ್ನ ಬೇರೆ ಫೋಲ್ಡರಲ್ಲಿ ಇಡಿ. ತಾಲಿಬಾನ್ ತನ್ನ ಹೋರಾಟಗಾರರಿಗೆ 2006, 2009, 2010ರಲ್ಲಿ ಲಾಯಿಹಾ ಅನ್ನೋ ನಡವಳಿಕೆ ನಿಯಮ ಹೊರಡಿಸ್ತು, ಓದೋಕೆ ಬಹಳ ಉಪಯೋಗ ಇದೆ. ಒಂದು ಎಡಿಶನ್‌ನಿಂದ ಇನ್ನೊಂದಕ್ಕೆ ಏನು ಬದಲಾಯ್ತು ಅಂತ ನೋಡಿದ್ರೆ ಕೆಳಗೆ ಏನು ತೊಂದರೆ ಆಗ್ತಿತ್ತು ಅಂತ ಊಹೆ ಮಾಡಬಹುದು, ಯಾವುದು ಮತ್ತೆ ಮತ್ತೆ ಬೇಡ ಅಂತ ಬರೆದಿರ್ತಾರೋ ಅದು ನಡೀತಾನೇ ಇತ್ತು ಅಂತ. ಆದ್ರೆ ನಿಯಮ ಇದೆ ಅಂದ ಮಾತ್ರಕ್ಕೆ ಹಳ್ಳಿಲಿ ಹಂಗೇ ನಡೀತು ಅಂತ ಬರೀಬೇಡಿ.

ಕಾಗದದ ವಿಷಯದಲ್ಲಿ ಇನ್ನೊಂದು. ಇರಾಕ್‌ನ ಮೊಸುಲ್ ಕಡೆ ಐಸಿಸ್ ಹಿಡಿತ ಕಳ್ಕೊಳ್ತಾ ಹೋದಾಗ ಅದರ ಆಫೀಸುಗಳಲ್ಲಿ ಬಿದ್ದಿದ್ದ 15,000 ಪುಟಕ್ಕೂ ಹೆಚ್ಚು ದಾಖಲೆಗಳನ್ನ ಪತ್ರಕರ್ತರು ಇರಾಕ್‌ನಿಂದ ಆಚೆ ತಗೊಂಡು ಹೋದ್ರು, 2018ರಲ್ಲಿ ಅದರ ಆಧಾರದ ಮೇಲೆ ವರದಿ ಬಂತು. ಕಸ ಎತ್ತೋದ್ರಿಂದ ಹಿಡಿದು ಜಮೀನು ಗುತ್ತಿಗೆ ತನಕ ಆ ಆಡಳಿತ ಹೆಂಗೆ ನಡೀತು ಅನ್ನೋದು ಅದರಿಂದ ಜಗತ್ತಿಗೆ ಗೊತ್ತಾಯ್ತು ಅನ್ನೋದು ನಿಜ. ಆದ್ರೆ ಆ ಕಾಗದ ಯಾರ ಆಸ್ತಿ, ಒಪ್ಪಿಗೆ ಯಾರು ಕೊಟ್ರು, ಅದರಲ್ಲಿರೋ ಸಾಮಾನ್ಯ ಜನರ ಹೆಸರು ಹೊರಗೆ ಬಂದ್ರೆ ಅವರ ಗತಿ ಏನು ಅಂತ ವಿದ್ವಾಂಸರು ಎತ್ತಿದ ತಕರಾರು ಅಷ್ಟೇ ನಿಜ, ಕೊನೆಗೆ ಮೂಲ ಕಾಗದಗಳನ್ನ ಇರಾಕ್‌ಗೆ ವಾಪಸ್ ಕೊಡ್ಬೇಕಾಯ್ತು. ಬಿದ್ದಿರೋ ಫೈಲ್ ಕಂಡ್ರೆ ಎತ್ತಿ ಬ್ಯಾಗಿಗೆ ಹಾಕ್ಕೋಬೇಡಿ.

ವಿಡಿಯೋ ಸಿಕ್ಕಿದ ತಕ್ಷಣ ಸೇವ್ ಮಾಡಿ, ಆಮೇಲೆ ಅನುಮಾನ ಪಡಿ

ನೋಡ್ತಾ ನೋಡ್ತಾ ಮಾಯ ಆಗೋ ಸಾಕ್ಷಿ ಇದು. 2017ರಲ್ಲಿ ಯೂಟ್ಯೂಬ್ ಉಗ್ರರ ವಿಡಿಯೋ ತೆಗೆಯೋಕೆ ಮೆಷಿನ್ ಹಚ್ಚಿದಾಗ ಸಿರಿಯಾ ಜನ ತಾವೇ ಪ್ರಾಣ ಕೈಲಿಟ್ಕೊಂಡು ತೆಗೆದ ಸಾವಿರಾರು ವಿಡಿಯೋಗಳೂ ಜೊತೇಲೇ ಹೋದ್ವು. ಅದೇ ವರ್ಷ ಆಗಸ್ಟಲ್ಲಿ ಅಂತಾರಾಷ್ಟ್ರೀಯ ಕ್ರಿಮಿನಲ್ ಕೋರ್ಟ್ ಲಿಬಿಯಾದ ಕಮಾಂಡರ್ ಮಹಮೂದ್ ಅಲ್ ವೆರ್ಫಾಲಿ ಮೇಲೆ 33 ಜನರ ಕೊಲೆಗೆ ವಾರಂಟ್ ಹೊರಡಿಸಿದಾಗ ಸೋಶಿಯಲ್ ಮೀಡಿಯಾದಲ್ಲಿ ಹರಿದಾಡಿದ ವಿಡಿಯೋಗಳೇ ಮುಖ್ಯ ಸಾಕ್ಷಿಗಳಾಗಿದ್ವು. ಹಾಗಾಗಿ ಲಿಂಕ್ ಕಾಪಿ ಮಾಡಿ ಇಟ್ರೆ ಸಾಲಲ್ಲ, ಫೈಲನ್ನೇ ಇಳಿಸ್ಕೊಳಿ, ಪೇಜಿನ ಆರ್ಕೈವ್ ಕಾಪಿ ಮಾಡಿ, ಇಳಿಸಿದ ದಿನ ಸಮಯ ಬರೀರಿ, ಫೈಲಿನ ಹ್ಯಾಶ್, ಅಂದ್ರೆ ಫೈಲ್ ಒಂಚೂರು ಬದಲಾದ್ರೂ ಬದಲಾಗೋ ಅದರ ಬೆರಳಚ್ಚಿನ ಥರದ ನಂಬರ್, ತೆಗೆದು ಇಡಿ, ಮುಂದೆ ಯಾರಾದ್ರೂ ನೀವೇ ತಿದ್ದಿದೀರ ಅಂದ್ರೆ ಅದು ಬೇಕಾಗತ್ತೆ. ಆದ್ರೆ ಇಳಿಸೋ ಮುಂಚೆ ಕೆಳಗೆ ಕಾನೂನು ಬಗ್ಗೆ ಬರೆದಿರೋದನ್ನ ಒಂದು ಸಲ ಓದ್ಕೊಳಿ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿದ್ದು ಈ ಕೆಲಸಕ್ಕೇನೇ. ಮೊದಲ ಫ್ರೇಮ್‌ಗಳನ್ನ ರಿವರ್ಸ್ ಇಮೇಜ್ ಸರ್ಚ್‌ಗೆ ಹಾಕಿ, ಹಳೇ ಯುದ್ಧದ ವಿಡಿಯೋನ ಹೊಸದು ಅಂತ ಹಂಚೋದು ದಿನಾ ನಡೀತಿದೆ. ಬೆಟ್ಟದ ಗೆರೆ, ಮಿನಾರು, ರಸ್ತೆ ತಿರುವು, ನೀರಿನ ಟ್ಯಾಂಕು, ಇವನ್ನ ಸ್ಯಾಟಲೈಟ್ ಚಿತ್ರದ ಜೊತೆ ಹೋಲಿಸಿ. ನೆರಳಿನ ದಿಕ್ಕು, ಉದ್ದ ನೋಡಿ ಹೊತ್ತು ಅಂದಾಜು ಮಾಡಬಹುದು, ಸನ್‌ಕ್ಯಾಲ್ಕ್ ಅನ್ನೋ ಫ್ರೀ ಸೈಟ್ ಇದೆ. ಊರು ಸುಟ್ರು ಅನ್ನೋ ಸುದ್ದಿ ಇದ್ರೆ ಸ್ಯಾಟಲೈಟಿಂದ ಬೆಂಕಿ ತೋರಿಸೋ ನಾಸಾದ ಫರ್ಮ್ಸ್ ಸೈಟಲ್ಲಿ ಬೆಂಕಿ ಗುರುತು ನೋಡಿ, ಆದ್ರೆ ರೈತರು ಹೊಲದ ಕೂಳೆ ಸುಟ್ರೂ ಅಲ್ಲಿ ಕಾಣತ್ತೆ, ಅದೊಂದರ ಮೇಲೆ ನಿಲ್ಲಬೇಡಿ. ಈ ಕೆಲಸಕ್ಕೆ ಬರ್ಕ್ಲಿ ಪ್ರೋಟೊಕಾಲ್ ಅಂತ ಒಂದು ಮಾರ್ಗಸೂಚಿ 2020ರಲ್ಲಿ ಬಂದಿದೆ, ಒಂದು ವೀಕೆಂಡ್ ಕೂತು ಓದಿ.

ಕಾನೂನು ನೋಡ್ಕೊಳಿ, ಕೆಲಸ ಶುರು ಮಾಡೋ ಮುಂಚೇನೇ

2008ರಲ್ಲಿ ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ಯೂನಿವರ್ಸಿಟಿಯಲ್ಲಿ ಒಬ್ಬ ವಿದ್ಯಾರ್ಥಿ ತನ್ನ ರಿಸರ್ಚ್‌ಗೆ ಅಂತ ಅಮೆರಿಕ ಸರ್ಕಾರದ ವೆಬ್‌ಸೈಟಿಂದಾನೇ ಅಲ್ ಖೈದಾದ ಒಂದು ಕೈಪಿಡಿ ಡೌನ್‌ಲೋಡ್ ಮಾಡಿದ, ಅದನ್ನ ಪ್ರಿಂಟ್ ಹಾಕೋಕೆ ಪರಿಚಯದ ಸಿಬ್ಬಂದಿಗೆ ಕಳ್ಸಿದ, ಇಬ್ಬರನ್ನೂ ಭಯೋತ್ಪಾದನಾ ಕಾಯ್ದೆ ಕೆಳಗೆ ಹಿಡಿದು ದಿನಗಟ್ಟಲೆ ಒಳಗಿಟ್ರು, ಆಮೇಲೆ ಆ ಕೇಸಲ್ಲಿ ಚಾರ್ಜ್ ಇಲ್ದೆ ಬಿಟ್ರು. ಎಷ್ಟೋ ದೇಶಗಳಲ್ಲಿ ಇಂಥ ವಸ್ತು ಇಟ್ಕೊಂಡಿರೋದೇ ಅಪರಾಧ ಆಗಬಹುದು, ಭಾರತದಲ್ಲಿ ಯುಎಪಿಎ ಅನ್ನೋ ಭಯೋತ್ಪಾದನೆ ತಡೆ ಕಾಯ್ದೆ ಇದೆ. ಅದಕ್ಕೇ ನಿಮ್ಮ ಗೈಡ್‌ಗೆ, ಎಥಿಕ್ಸ್ ಕಮಿಟಿಗೆ ಏನು ಇಳಿಸ್ತೀನಿ, ಎಲ್ಲಿಡ್ತೀನಿ ಅಂತ ಮೊದಲೇ ಬರವಣಿಗೆಯಲ್ಲಿ ಕೊಟ್ಟು ಸಹಿ ತಗೊಳಿ, ಕಾನೂನು ಗೊತ್ತಿರೋ ಒಬ್ಬರ ಹತ್ರ ಮಾತಾಡಿ. ಪರ್ಸನಲ್ ಫೋನಲ್ಲಿ, ಮನೆಯವರ ಲ್ಯಾಪ್‌ಟಾಪಲ್ಲಿ ಈ ಕೆಲಸ ಬೇಡ. ಗುಂಪಿನ ಚಾನೆಲ್ ನೋಡಬೇಕಾದ್ರೂ ಫಾರ್ವರ್ಡ್ ಮಾಡ್ಬೇಡಿ, ಕಾಮೆಂಟ್ ಹಾಕ್ಬೇಡಿ, ದುಡ್ಡಿನ ವ್ಯವಹಾರ ಅಂತೂ ಮಾಡ್ಲೇಬೇಡಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರೆ ಪ್ರಯೋಜನ ಇಲ್ಲ.

ಜನರ ಜೊತೆ ಮಾತಾಡೋದು

ಇದಕ್ಕೆ ಕೊನೆಗೆ ಬರಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಡೇಟಾದಿಂದ, ಕಾಗದದಿಂದ, ವಿಡಿಯೋದಿಂದ ಗೊತ್ತಾಗೋದನ್ನ ಜನರ ಹತ್ರ ಕೇಳಿ ಅವರನ್ನ ಅಪಾಯಕ್ಕೆ ನೂಕೋದು ಯಾಕೆ?

ಮಾತು ಕೊಡೋ ಮುಂಚೆ ಆ ಮಾತು ಉಳಿಸ್ಕೊಳೋ ಶಕ್ತಿ ನಿಮಗಿದೆಯಾ ನೋಡಿ. 2001ರಿಂದ 2006ರ ತನಕ ಉತ್ತರ ಐರ್ಲೆಂಡಿನ ಹಳೇ ಐಆರ್‌ಎ ಮತ್ತೆ ಯುವಿಎಫ್ ಸದಸ್ಯರನ್ನ (ಒಂದು ಬ್ರಿಟನ್ನಿಂದ ಬೇರೆಯಾಗ್ಬೇಕು ಅಂತ, ಇನ್ನೊಂದು ಅದರ ಜೊತೆಗೇ ಇರ್ಬೇಕು ಅಂತ ಬಂದೂಕು ಹಿಡಿದ ಗುಂಪು) ಅಮೆರಿಕದ ಬಾಸ್ಟನ್ ಕಾಲೇಜಿನ ಪ್ರಾಜೆಕ್ಟ್ ಒಂದು ಇಂಟರ್‌ವ್ಯೂ ಮಾಡ್ತು, ನೀವು ಸಾಯೋ ತನಕ ಈ ಟೇಪ್ ಹೊರಗೆ ಬರಲ್ಲ ಅಂತ ಮಾತು ಕೊಟ್ಟಿದ್ರು. ಅಮೆರಿಕದ ಕಾನೂನು ಎಲ್ಲಿ ತನಕ ಬಿಡತ್ತೋ ಅಲ್ಲಿ ತನಕ ಮಾತ್ರ ಅನ್ನೋ ಷರತ್ತು ಪ್ರಾಜೆಕ್ಟ್ ನಡೆಸಿದವರ ಒಪ್ಪಂದದಲ್ಲಿತ್ತು, ಮಾತಾಡಿದ ಜನ ಸಹಿ ಹಾಕಿದ ಕಾಗದದಲ್ಲಿ ಇರ್ಲಿಲ್ಲ. 2011ರಲ್ಲಿ ಉತ್ತರ ಐರ್ಲೆಂಡ್ ಪೊಲೀಸರು ಹಳೇ ಕೊಲೆ ಕೇಸಿಗೆ ಟೇಪ್ ಬೇಕು ಅಂದ್ರು, ಕೋರ್ಟ್ ಹತ್ತಿ ಇಳಿದು 2013ರಲ್ಲಿ ಕೆಲವು ಟೇಪ್‌ಗಳನ್ನ ಕೊಡ್ಲೇಬೇಕಾಯ್ತು, 2014ರಲ್ಲಿ ಐಆರ್‌ಎ ಜೊತೆ ನಂಟಿದ್ದ ಸಿನ್ ಫೇನ್ ಪಕ್ಷದ ನಾಯಕ ಜೆರ್ರಿ ಆಡಮ್ಸ್‌ರನ್ನ ನಾಲ್ಕು ದಿನ ಇಟ್ಕೊಂಡು ವಿಚಾರಿಸಿ ಚಾರ್ಜ್ ಇಲ್ದೆ ಬಿಟ್ರು, 2019ರಲ್ಲಿ ಬೆಲ್‌ಫಾಸ್ಟ್ ಕೋರ್ಟ್ ಒಂದು ಕೇಸಲ್ಲಿ ಈ ಟೇಪ್ ನಂಬೋಕಾಗಲ್ಲ ಅಂತ ಸಾಕ್ಷಿಯಾಗಿ ತಗೊಳ್ಲೇ ಇಲ್ಲ. ಕೊಲೆಯಾದವರ ಮನೆಯವರಿಗೆ ನ್ಯಾಯ ಸಿಗಲಿಲ್ಲ, ನಂಬಿ ಮಾತಾಡಿದವರ ನಂಬಿಕೆ ಹೋಯ್ತು. ನಾನು ಇದರಿಂದ ಕಲಿತಿದ್ದು, ಒಪ್ಪಿಗೆ ತಗೊಳೋವಾಗ ಗೌಪ್ಯವಾಗಿಡ್ತೀನಿ ಅಂತ ಮಾತ್ರ ಹೇಳಲ್ಲ, ಕೋರ್ಟ್ ಕೇಳಿದ್ರೆ ನನ್ನ ಕೈಲಿ ಇರೋದನ್ನ ಕೊಡಬೇಕಾಗಬಹುದು, ಅದಕ್ಕೇ ನಿಮ್ಮ ಹೆಸರು ನಾನು ಬರ್ಕೊಳ್ಳಲ್ಲ, ಯಾವ ಕೊಲೆ ಯಾರು ಮಾಡಿದ್ರು ಅಂತ ನಂಗೆ ಹೇಳ್ಬೇಡಿ ಅಂತ ಮೊದಲೇ ಹೇಳ್ತೀನಿ. ಆ ವಿವರ ನನ್ನ ಪ್ರಶ್ನೆಗೆ ಬೇಕಾಗೂ ಇಲ್ಲ.

ನೀವು ಆ ಗುಂಪಿನ ಪರ ಇದ್ರಾ ಅಂತ ಯಾವತ್ತೂ ನೇರ ಕೇಳ್ಬೇಡಿ. ಬಾಯಲ್ಲಿ ಬರೋ ಉತ್ತರ ಭಯದ್ದು, ಹೇಳಿದೋರಿಗೂ ಅಪಾಯ. ದಿನಚರಿ ಕೇಳಿ. ಪಕ್ಕದ ಊರಿಗೆ ಹೋಗ್ಬೇಕಾದ್ರೆ ಏನು ಮಾಡ್ತಿದ್ರಿ, ಎಮ್ಮೆ ಕಳುವಾದ್ರೆ ಯಾರ ಹತ್ರ ಹೇಳ್ತಿದ್ರಿ, ಆಮೇಲೆ ಎಷ್ಟು ದಿನಕ್ಕೆ ತೀರ್ಮಾನ ಆಯ್ತು, ಅದು ಒಪ್ಪಿಗೆ ಆಗದೇ ಇದ್ರೆ ಮೇಲೆ ಹೋಗಬಹುದಿತ್ತಾ. ಇಂಥ ಪ್ರಶ್ನೆಗೆ ಜನ ಕೈ ಆಡಿಸ್ಕೊಂಡು ಮಾತಾಡ್ತಾರೆ, ಆಳ್ವಿಕೆಯ ಪೂರ್ತಿ ಚಿತ್ರ ಅದರಲ್ಲೇ ಬರತ್ತೆ. ಸರ್ವೆ ಮಾಡ್ತಿದ್ರೆ ಲಿಸ್ಟ್ ಪ್ರಯೋಗ ಅಂತ ಒಂದು ದಾರಿ ಇದೆ, ಕೆಲವರಿಗೆ ಮೂರು ಹೆಸರು, ಕೆಲವರಿಗೆ ಅದೇ ಮೂರರ ಜೊತೆ ಗುಂಪಿನ ಹೆಸರೂ ಸೇರಿಸಿ ನಾಲ್ಕು ಕೊಟ್ಟು, ಇದರಲ್ಲಿ ಎಷ್ಟು ನಿಮಗೆ ಒಪ್ಪಿಗೆ, ಯಾವುದು ಅಂತ ಹೇಳೋದು ಬೇಡ ಸಂಖ್ಯೆ ಮಾತ್ರ ಹೇಳಿ ಅನ್ನೋದು, ಮೂರು ಕೊಟ್ಟವರ ಮತ್ತೆ ನಾಲ್ಕು ಕೊಟ್ಟವರ ಉತ್ತರದ ಸರಾಸರಿಯ ವ್ಯತ್ಯಾಸದಿಂದ ಬೆಂಬಲದ ಅಂದಾಜು ಸಿಗತ್ತೆ. ಸೊನ್ನೆ ಅಥವಾ ನಾಲ್ಕು ಅಂದ್ರೆ ಮಾತ್ರ ಗುಟ್ಟು ಬಿಟ್ಟುಕೊಟ್ಟ ಹಾಗೆ, ಭಯ ಜಾಸ್ತಿ ಇರೋ ಕಡೆ ಜನ ಅದನ್ನೂ ಲೆಕ್ಕ ಹಾಕ್ತಾರೆ ಅನ್ನೋದು ನೆನಪಿರ್ಲಿ.

ಮಾತಾಡೋಕೆ ಸಿಕ್ಕೋರು ಯಾರು ಅನ್ನೋದನ್ನೂ ಬರ್ಕೊಳಿ. ಊರು ಬಿಟ್ಟು ಬಂದೋರು ಹೆಚ್ಚಾಗಿ ಆ ಆಳ್ವಿಕೆಯಿಂದ ನೊಂದೋರು, ಅಲ್ಲೇ ಉಳಿದೋರು ಬಾಯಿ ಬಿಡಲಾರರು, ಗುಂಪಿನ ವಕ್ತಾರ ತೋರಿಸಿದ ಊರಿಗೆ ಹೋದ್ರೆ ಅಲ್ಲಿ ಎಲ್ಲಾ ಚೆನ್ನಾಗೇ ಇರತ್ತೆ. ಯಾರ ಮೂಲಕ ಒಳಗೆ ಹೋದ್ರಿ ಅನ್ನೋದು ನಿಮಗೆ ಏನು ಕಂಡಿತು ಅನ್ನೋದನ್ನ ತೀರ್ಮಾನ ಮಾಡತ್ತೆ.

ಮತ್ತೆ ಅನುವಾದ ಮಾಡೋರು, ದಾರಿ ತೋರಿಸೋರು, ಗಾಡಿ ಓಡಿಸೋರು. ನೀವು ಫ್ಲೈಟ್ ಹತ್ತಿ ಬಂದ್ಮೇಲೂ ಅವರು ಅಲ್ಲೇ ಇರ್ತಾರೆ, ಇವನು ಯಾರನ್ನ ಕರ್ಕೊಂಡು ಬಂದಿದ್ದ ಅಂತ ಕೇಳೋದು ಅವರನ್ನ. ಅವರು ಇವತ್ತು ಬೇಡ ಅಂದ್ರೆ ಅವತ್ತು ಬೇಡ, ವಾದ ಮಾಡ್ಬೇಡಿ. ಸಂಬಳ ಸರಿಯಾಗಿ ಕೊಡಿ, ಇನ್ಶೂರೆನ್ಸ್ ಮಾಡಿಸಿ, ರಿಸರ್ಚ್ ಪೇಪರಲ್ಲಿ ಹೆಸರು ಹಾಕ್ಲಾ ಬೇಡ್ವಾ ಅಂತ ಅವರನ್ನೇ ಕೇಳಿ, ಪೇಪರ್ ಪ್ರಿಂಟಿಗೆ ಹೋಗೋ ಮುಂಚೆ ಇನ್ನೊಂದು ಸಲ ಕೇಳಿ, ಯಾಕಂದ್ರೆ ಅಷ್ಟರಲ್ಲಿ ಅಲ್ಲಿ ಯಾರ ಕೈ ಮೇಲಾಗಿರತ್ತೋ ಗೊತ್ತಿಲ್ಲ.

ಇಡೋದು, ಬರೆಯೋದು, ಅಳಿಸೋದು

ನೋಟ್ಸ್ ಎನ್‌ಕ್ರಿಪ್ಟ್ ಮಾಡಿ ಇಡಿ, ಹೆಸರು ಬದಲು ನಂಬರ್ ಹಾಕಿ, ಯಾವ ನಂಬರ್ ಯಾರು ಅನ್ನೋ ಪಟ್ಟಿ ಮಾಡಲೇಬೇಕಿದ್ರೆ ಬೇರೆ ಕಡೆ ಇಡಿ, ಬಾರ್ಡರ್ ದಾಟೋವಾಗ ಅದು ಮೈಮೇಲೆ ಇರಬಾರದು. ಫೋಟೊದಲ್ಲಿ ಜಾಗದ ಮಾಹಿತಿ ಅಡಗಿರತ್ತೆ, ಹಂಚೋ ಕಾಪಿಯಲ್ಲಿ ಅದನ್ನ ತೆಗೀರಿ. ಭೀಕರ ವಿಡಿಯೋಗಳನ್ನ ನೋಡೋವಾಗ ಸೌಂಡ್ ಆಫ್ ಮಾಡಿ, ಚಿಕ್ಕ ವಿಂಡೋದಲ್ಲಿ ನೋಡಿ, ರಾತ್ರಿ ಮಲಗೋ ಮುಂಚೆ ಬೇಡ. ನಿದ್ದೆ ಕೆಡ್ತಿದ್ರೆ ಟೀಮಲ್ಲಿ ಬಾಯಿಬಿಟ್ಟು ಹೇಳಿ, ಇದು ಎಲ್ಲರಿಗೂ ಆಗತ್ತೆ.

ಬರೆಯೋವಾಗ ಹೆಸರು ತೆಗೆದ್ರೆ ಮುಗೀತು ಅಂತ ಬಹಳ ಜನ ಅನ್ಕೊಂಡಿದಾರೆ. ನನ್ನ ಒಂದು ಡ್ರಾಫ್ಟಲ್ಲಿ ಒಬ್ಬರ ಬಗ್ಗೆ ಇಷ್ಟೇ ಇತ್ತು, ಸೇತುವೆ ಹತ್ರ ಔಷಧಿ ಅಂಗಡಿ ಇಟ್ಟಿದ್ದ ವಿಧವೆ, ಗುಂಪಿನ ಕೋರ್ಟಲ್ಲಿ ಎರಡು ಸಲ ಕೇಸ್ ಹಾಕಿದೋರು. ಹೆಸರಿಲ್ಲ, ಊರಿಲ್ಲ. ಆ ಕಡೆಯ ಸ್ನೇಹಿತರೊಬ್ಬರಿಗೆ ಓದೋಕೆ ಕೊಟ್ಟೆ, ಅವರು ಆ ಸಾಲಿಗೆ ಬಂದು ನಿಂತು, ಆ ಏರಿಯಾದವರು ಯಾರು ಓದಿದ್ರೂ ಇವರು ಯಾರು ಅಂತ ಒಂದು ನಿಮಿಷದಲ್ಲಿ ಹೇಳ್ತಾರೆ ಅಂದ್ರು. ಸೇತುವೆ ತೆಗೆದೆ, ಔಷಧಿ ಅಂಗಡಿನ ಅಂಗಡಿ ಮಾಡಿದೆ, ವಿಧವೆ ಅನ್ನೋದನ್ನ ತೆಗೆದೆ, ಎರಡು ಸಲ ಅನ್ನೋದು ನನ್ನ ವಾದಕ್ಕೆ ಬೇಕೇ ಬೇಕಿತ್ತು, ಅದನ್ನ ಇಟ್ಕೊಂಡು ಆ ಪ್ಯಾರಾನ ಇನ್ನೂ ಇಬ್ಬರ ಕತೆ ಜೊತೆ ಸೇರಿಸಿ, ಹಿಂಗೆ ಸೇರಿಸಿದೀನಿ ಅಂತ ಮುನ್ನುಡಿಲಿ ಓದುಗರಿಗೆ ಹೇಳಿ ಮತ್ತೆ ಬರೆದೆ. ಆಮೇಲೆ ಅದೇ ಸ್ನೇಹಿತರಿಗೆ ಇನ್ನೊಂದು ಸಲ ಕೊಟ್ಟೆ, ಈ ಸಲ ಅವರು ಆ ಪುಟ ದಾಟಿ ಮುಂದೆ ಹೋದ್ರು.